ಹಾಡನ್ನೂ ಗಿಟಾರನ್ನೂ ಒಟ್ಟಿಗೆ ಧ್ವನಿಮುದ್ರಿಸುವಾಗ ಒಂದರ ಮೈಕಿಗೆ ಇನ್ನೊಂದು ನುಗ್ಗದಂತೆ ಮಾಡುವುದು ಹೇಗೆ?

ತಂತಿಮನೆ, ಮೈಸೂರು (ಪ್ರಶ್ನೆ)

ನಮಸ್ಕಾರ. ನಾನು ಗಿಟಾರ್ ನುಡಿಸಿಕೊಂಡು ಭಾವಗೀತೆ, ತತ್ವಪದಗಳನ್ನು ಹಾಡುವ ಹವ್ಯಾಸಿ. ಮನೆಯ ಹಿಂಭಾಗದಲ್ಲಿರುವ, ಸುಮಾರು 10 ಅಡಿ ಅಗಲ 12 ಅಡಿ ಉದ್ದದ ಕೋಣೆಯಲ್ಲಿ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಅಡುಗೆಮನೆಯಲ್ಲಿ ಕುಕ್ಕರ್ ಇಳಿದದ್ದನ್ನು ಖಚಿತಪಡಿಸಿಕೊಂಡು ಧ್ವನಿಮುದ್ರಣಕ್ಕೆ ಕೂರುತ್ತೇನೆ. ನನ್ನಲ್ಲಿರುವುದು ಎರಡು ಇನ್‌ಪುಟ್‌ಗಳ ಇಂಟರ್‌ಫೇಸ್ (ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ಎರಡು ಕಾರ್ಡಿಯಾಯ್ಡ್ (ಮುಂದಿನ ಶಬ್ದವನ್ನೇ ಹೆಚ್ಚಾಗಿ ಹಿಡಿಯುವ) ಕಂಡೆನ್ಸರ್ ಮೈಕುಗಳು. ಒಂದನ್ನು ಬಾಯಿಯ ಮಟ್ಟದಲ್ಲಿ, ಎದುರಿಗೆ 18 ಸೆಂ.ಮೀ. ದೂರದಲ್ಲಿ ಇಡುತ್ತೇನೆ. ಇನ್ನೊಂದನ್ನು ಗಿಟಾರಿನ 12ನೆಯ ಫ್ರೆಟ್‌ನ ಕಡೆಗೆ ಮುಖ ಮಾಡಿ, ಗಿಟಾರಿನ ಎತ್ತರದಲ್ಲೇ, 25 ಸೆಂ.ಮೀ. ದೂರದಲ್ಲಿ ಇಡುತ್ತೇನೆ.

ತೊಂದರೆ ಶುರುವಾಗುವುದು ಮಿಕ್ಸಿಂಗ್‌ನಲ್ಲಿ. ಹಾಡಿನ ಟ್ರ್ಯಾಕಿಗೆ, ಜೋರು ಮೆದುಗಳ ಅಂತರವನ್ನು ಕುಗ್ಗಿಸುವ ಕಂಪ್ರೆಸರ್ ಹಾಕಿದರೆ ಸಾಲು ಸಾಲಿನ ನಡುವೆ ಗಿಟಾರ್ ಉಬ್ಬಿಕೊಂಡು ಮುಂದೆ ಬರುತ್ತದೆ. ಹಾಡಿಗೆ ಮಾತ್ರ ರಿವರ್ಬ್ (ಕೋಣೆಯ ಮಾರ್ದನಿ) ಕೊಟ್ಟರೆ ಗಿಟಾರೂ ಅದರೊಳಗೆ ತೇಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಟ್ರ್ಯಾಕುಗಳನ್ನು ಬೇರೆ ಬೇರೆಯಾಗಿ ಕೇಳಿದಾಗ ಚೆನ್ನಾಗಿರುವ ನನ್ನ ದನಿ, ಎರಡನ್ನೂ ಕೂಡಿಸಿದ ಕೂಡಲೇ ಡಬ್ಬಿಯೊಳಗಿಂದ ಹಾಡಿದ ಹಾಗೆ ಟೊಳ್ಳಾಗುತ್ತದೆ. ಪ್ರೀಆಂಪಿನ ಗೇನ್ (ಮೈಕಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ತಗ್ಗಿಸಿ ನೋಡಿದ್ದೇನೆ, ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಟ್ರ್ಯಾಕನ್ನು ಮುಚ್ಚುವ ಗೇಟ್ ಹಾಕಿ ನೋಡಿದ್ದೇನೆ, ಪ್ರಯೋಜನ ಕಂಡಿಲ್ಲ.

ಮೊದಲು ಗಿಟಾರ್, ಆಮೇಲೆ ಹಾಡು ಎಂದು ಬೇರೆ ಬೇರೆಯಾಗಿ ಮುದ್ರಿಸಬಹುದಲ್ಲ ಎಂದು ಕೆಲವರು ಹೇಳಬಹುದು. ಅದನ್ನೂ ಮಾಡಿದ್ದೇನೆ. ಆದರೆ ನಾನು ಹಾಡುವ ಪದಗಳಲ್ಲಿ ಮೊದಲ ಸಾಲು ತಾಳವಿಲ್ಲದೆ ಬರುತ್ತದೆ, ಕೆಲವೆಡೆ ಸಾಲಿನ ಕೊನೆಯ ಅಕ್ಷರವನ್ನು ಎಳೆದು, ದನಿ ಇಳಿದ ಮೇಲೆ ಮಾತ್ರ ಬೆರಳು ತಂತಿಗೆ ಬೀಳಬೇಕು. ಕಿವಿಯಲ್ಲಿ ತಾಳದ ಕ್ಲಿಕ್ ಇಟ್ಟುಕೊಂಡು ಮೊದಲೇ ನುಡಿಸಿಟ್ಟ ಗಿಟಾರಿನ ಹಿಂದೆ ಹಾಡಿದರೆ ಆ ಬಿಡುವುಗಳೆಲ್ಲ ಸತ್ತುಹೋಗುತ್ತವೆ. ಆದ್ದರಿಂದ ಒಟ್ಟಿಗೇ ಮುದ್ರಿಸಬೇಕು. ಬೇಕಾದರೆ ಇನ್ನೊಂದು ಮೈಕು ಕೊಳ್ಳಲು ಸಿದ್ಧನಿದ್ದೇನೆ, ಆದರೆ ಒಂದೇ ಒಂದು. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಹಳೇಟೇಪು, ಬೆಂಗಳೂರು

ತಂತಿಮನೆಯವರೇ, ನೀವು ಅಳತೆಗಳನ್ನು ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಗಿದೆ. ಸ್ಟುಡಿಯೋಗಳಲ್ಲಿ ಬಹಳ ವರ್ಷ ಕೆಲಸ ಮಾಡಿದ ಮೇಲೆ ನನಗೆ ಉಳಿದಿರುವ ಅಭ್ಯಾಸವೊಂದಿದೆ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸುವಾಗ ಅದು ಏನನ್ನು ನೋಡುತ್ತಿದೆ ಎಂಬುದಕ್ಕಿಂತ ಮೊದಲು, ಅದು ಯಾವ ದಿಕ್ಕಿಗೆ ಕಿವುಡು ಎಂಬುದನ್ನು ನೋಡುತ್ತೇನೆ. ನೀವು ಎರಡೂ ಮೈಕುಗಳ ಮುಖವನ್ನು ಸರಿಯಾಗಿ ತಿರುಗಿಸಿದ್ದೀರಿ, ಆದರೆ ಕಿವುಡು ದಿಕ್ಕನ್ನು ಗೋಡೆಗೆ ದಾನ ಮಾಡಿದ್ದೀರಿ.

ಕಾರ್ಡಿಯಾಯ್ಡ್ ಮೈಕು ಪೂರ್ತಿ ಕಿವುಡಾಗಿರುವುದು ಬೆನ್ನಿನ ಕಡೆಗೆ, ಅಂದರೆ ಮುಖದಿಂದ 180 ಡಿಗ್ರಿಗೆ ಮಾತ್ರ. ಪಕ್ಕದಿಂದ, 90 ಡಿಗ್ರಿಯಲ್ಲಿ ಬರುವ ಶಬ್ದವನ್ನು ಅದು ಬರೀ 6 ಡೆಸಿಬೆಲ್ ಕಡಿಮೆ ಮಾಡುತ್ತದೆ. ಕುಳಿತು ನುಡಿಸುವವರ ಗಿಟಾರಿನ ಮೇಲ್ಮೈ ಸಾಮಾನ್ಯವಾಗಿ ಬಾಯಿಗಿಂತ 45 ಸೆಂ.ಮೀ. ಕೆಳಗೆ, 20 ಸೆಂ.ಮೀ. ಮುಂದೆ ಇರುತ್ತದೆ. ಹಾಗಾದರೆ ಬಾಯಿಯ ಎದುರು 18 ಸೆಂ.ಮೀ.ಯಲ್ಲಿರುವ ನಿಮ್ಮ ಮೈಕಿಗೆ ಗಿಟಾರ್ ಹೆಚ್ಚುಕಡಿಮೆ ನೇರ ಕೆಳಗಿದೆ, ಎಂದರೆ 90 ಡಿಗ್ರಿಯಲ್ಲಿದೆ. ಗಿಟಾರ್ ಮೈಕಿನ ಸ್ಥಿತಿ ಇನ್ನೂ ಕೆಟ್ಟದು. ನಿಮ್ಮ ಬಾಯಿ ಅದರ ಮುಖದಿಂದ ಸುಮಾರು 45 ಡಿಗ್ರಿ ಓರೆಯಲ್ಲಿದೆ, ಅಲ್ಲಿ ಕಾರ್ಡಿಯಾಯ್ಡ್ ಕಳೆಯುವುದು ಒಂದೂವರೆ ಡೆಸಿಬೆಲ್ಲನ್ನೂ ಮುಟ್ಟುವುದಿಲ್ಲ. ಅಂದರೆ ಆ ಮೈಕು ನಿಮ್ಮ ಹಾಡನ್ನು ಕಿವಿಗೊಟ್ಟು ಕೇಳುತ್ತಿದೆ. ಸಣ್ಣಗೆ ಬೆರಳಿನಲ್ಲಿ ನುಡಿಸುವ ಗಿಟಾರಿಗಾಗಿ ನೀವು ಅದರ ಗೇನನ್ನೂ ಏರಿಸಿರುತ್ತೀರಿ, ಅದರೊಂದಿಗೆ ಹಾಡೂ ಏರಿರುತ್ತದೆ.

ಗೇನ್ ತಗ್ಗಿಸಿದರೆ ಸೋರಿಕೆ, ಅಂದರೆ ಒಂದರ ಮೈಕಿಗೆ ನುಗ್ಗುವ ಇನ್ನೊಂದರ ಶಬ್ದ, ಕಡಿಮೆಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬೇಕಾದ ಶಬ್ದವೂ ಬೇಡವಾದ ಶಬ್ದವೂ ಒಂದೇ ತಂತಿಯಲ್ಲಿ ಬರುವುದರಿಂದ ಎರಡೂ ಸಮನಾಗಿ ತಗ್ಗುತ್ತವೆ, ಅವುಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಆ ಅಂತರವನ್ನು ಬದಲಿಸಬಲ್ಲವು ಎರಡೇ: ದೂರ ಮತ್ತು ದಿಕ್ಕು. ದೂರದ ಲೆಕ್ಕ ಸರಳವಾಗಿದೆ. ಬಾಯಿಯಿಂದ ಮೈಕಿಗಿರುವ ಅಂತರವನ್ನು ಅರ್ಧಕ್ಕೆ ಇಳಿಸಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಗಿಟಾರ್ ಎಲ್ಲಿತ್ತೋ ಅಲ್ಲಿಯೇ ಇರುತ್ತದೆ. ಆದರೆ 10 ಸೆಂ.ಮೀ.ಗಿಂತ ಹತ್ತಿರ ಹೋದರೆ ದನಿಯ ತಳ ದಪ್ಪಗಾಗಿ, ಪ, ಬ ಅಕ್ಷರಗಳು ಗುದ್ದತೊಡಗುತ್ತವೆ. ಆದ್ದರಿಂದ ಉಳಿದ ಕೆಲಸವನ್ನು ದಿಕ್ಕಿನಿಂದ ಮಾಡಿಸಬೇಕು.

ಹೊಸದೇನನ್ನೂ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಹಾಡಿನ ಮೈಕನ್ನು ಗಲ್ಲಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಅದು ನಿಮ್ಮ ಬಾಯಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುವಂತೆ ವಾಲಿಸಿ. ಆಗ ಅದರ ಬೆನ್ನು ಗಿಟಾರಿನ ಕಡೆಗೆ ತಿರುಗುತ್ತದೆ. ಮೈಕು ಬಾಯಿಗಿಂತ 12 ಸೆಂ.ಮೀ. ಕೆಳಗೆ, 15 ಸೆಂ.ಮೀ. ಮುಂದೆ ಇದ್ದರೆ ಗಿಟಾರ್ ಅದರ ಮುಖದಿಂದ ಸುಮಾರು 135 ಡಿಗ್ರಿಗೆ ಬೀಳುತ್ತದೆ. ಆ ಕೋನದಲ್ಲಿ ಕಾರ್ಡಿಯಾಯ್ಡ್, ಕಾಗದದ ಲೆಕ್ಕದಲ್ಲಿ, 16ರಿಂದ 17 ಡೆಸಿಬೆಲ್ ಕಳೆಯುತ್ತದೆ. ಈಗಿರುವ 6ಕ್ಕೆ ಇದನ್ನು ಹೋಲಿಸಿಕೊಳ್ಳಿ. ವೇದಿಕೆಯಲ್ಲಿ ಬಳಸುವ ಸೂಪರ್‌ಕಾರ್ಡಿಯಾಯ್ಡ್ ಮೈಕು ಯಾರ ಬಳಿಯಾದರೂ ಇದ್ದರೆ ಅದನ್ನು ಇಲ್ಲಿಗೆ ಹಾಕಿ ನೋಡಿ. ಅದರ ಕಿವುಡು ದಿಕ್ಕು ಬೆನ್ನಿನಲ್ಲಿಲ್ಲ, ಸುಮಾರು 126 ಡಿಗ್ರಿಯಲ್ಲಿದೆ, ಹಾಡುಗಾರನ ಗಿಟಾರಿಗೆಂದೇ ಅಳೆದಿಟ್ಟ ಹಾಗೆ. ಗಿಟಾರಿನ ಮೈಕನ್ನು ಎದೆಯ ಮಟ್ಟಕ್ಕೆ ಏರಿಸಿ, ಗಿಟಾರನ್ನು ಮೇಲಿನಿಂದ ಕೆಳಕ್ಕೆ ನೋಡುವಂತೆ ಬಾಗಿಸಿ. ಆಗ ಬಾಯಿ ಅದರ ಪಕ್ಕಕ್ಕೆ, 90 ಡಿಗ್ರಿಯ ಆಸುಪಾಸಿಗೆ ಸರಿಯುತ್ತದೆ.

ಒಂದು ಮೈಕು ಕೊಳ್ಳುವುದೇ ಆದರೆ ಎಂಟರ ಆಕಾರದ, ಅಂದರೆ ಫಿಗರ್-8 ಮಾದರಿಯಲ್ಲಿ ಕೆಲಸ ಮಾಡುವ ಮೈಕನ್ನು ಕೊಳ್ಳಿ. ಅದು ತೆಳು ಲೋಹದ ಪಟ್ಟಿಯಿಂದ ಶಬ್ದ ಹಿಡಿಯುವ ರಿಬ್ಬನ್ ಆಗಿರಬಹುದು, ಮಾದರಿ ಬದಲಿಸುವ ಸ್ವಿಚ್ ಇರುವ ಕಂಡೆನ್ಸರ್ ಆಗಿರಬಹುದು. ಇಂಥ ಮೈಕು ಹಿಂದೆ ಮುಂದೆ ಸಮನಾಗಿ ಕೇಳುತ್ತದೆ, ಎರಡು ಪಕ್ಕಗಳಿಗೂ ಪೂರ್ತಿ ಕಿವುಡು. ಕಾರ್ಡಿಯಾಯ್ಡ್‌ನ ಕಿವುಡುತನ ಸ್ವರ ತಗ್ಗಿದಂತೆಲ್ಲ ಮಸುಕಾಗುವುದುಂಟು. ಫಿಗರ್-8ರದು ಮಂದ್ರದಿಂದ ತಾರದವರೆಗೆ ಬಹುಮಟ್ಟಿಗೆ ಒಂದೇ ರೀತಿ ಇರುತ್ತದೆ. ಬಾಯಿಯ ಎದುರಿಗೆ ಅದನ್ನು ಇಟ್ಟರೆ ಗಿಟಾರ್ ತಾನಾಗಿಯೇ ಅದರ 90 ಡಿಗ್ರಿಯ ಕಿವುಡಿನಲ್ಲಿ ಬೀಳುತ್ತದೆ ಎಂಬುದನ್ನು ನಿಮ್ಮ ಅಳತೆಯೇ ಹೇಳುತ್ತಿದೆ. ನಾನಾದರೆ ಅದನ್ನು ಹಾಡಿಗೇ ಇಡುತ್ತೇನೆ, ಏಕೆಂದರೆ ಕಂಪ್ರೆಸರ್, ರಿವರ್ಬ್ ಎಲ್ಲವೂ ಬೀಳುವುದು ಹಾಡಿನ ಟ್ರ್ಯಾಕಿನ ಮೇಲೆ.

ಕಿವುಡು ದಿಕ್ಕನ್ನು ಕಣ್ಣಳತೆಯಲ್ಲಿ ಹುಡುಕಬೇಡಿ. ಹೆಡ್‌ಫೋನ್ ಹಾಕಿಕೊಂಡು, ಹಾಡದೆ ಗಿಟಾರ್ ಮಾತ್ರ ನುಡಿಸುತ್ತ, ಇನ್ನೊಬ್ಬರಿಂದ ಹಾಡಿನ ಮೈಕನ್ನು ಬೆರಳಗಲ ಬೆರಳಗಲವಾಗಿ ತಿರುಗಿಸಿಕೊಳ್ಳಿ. ಗಿಟಾರ್ ತೆಳುವಾಗುತ್ತ ಹೋಗಿ, ಒಂದು ಹಂತದಲ್ಲಿ ಕೋಣೆಯ ಆಚೆ ಯಾರೋ ನುಡಿಸುತ್ತಿರುವಂತೆ ಕೇಳಿ, ಆಮೇಲೆ ಮತ್ತೆ ದಪ್ಪವಾಗುತ್ತದೆ. ಆ ತೆಳುವಾದ ಜಾಗದಲ್ಲಿ ಸ್ಕ್ರೂ ಬಿಗಿಯಿರಿ. ಅಲ್ಲಿಂದಾಚೆ ಹಾಡುವಾಗ ಮುಂದೆ ಹಿಂದೆ ತೂಗಾಡಬಾರದು. ಇದು ಹೇಳುವಷ್ಟು ಸುಲಭವಲ್ಲ ಎಂಬುದು ನನಗೆ ಗೊತ್ತು.

ಫಿಗರ್-8 ಮೈಕಿನ ಬೆನ್ನೂ ಕೇಳುತ್ತದೆ ಎಂಬುದನ್ನು ಮರೆಯಬೇಡಿ. ನಿಮ್ಮದು ಚಿಕ್ಕ ಕೋಣೆ, ಎದುರಿನ ಗೋಡೆಯಿಂದ ಮರಳಿದ ಗಿಟಾರ್ ಅದರ ಬೆನ್ನಿಗೆ ಬಡಿಯುತ್ತದೆ. ಮೈಕಿನ ಹಿಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು, ದಪ್ಪನೆಯ ಕೌದಿಯೊಂದನ್ನು ಎರಡು ಮಡಿಕೆ ಮಾಡಿ ತೂಗುಹಾಕಿ. ಮೊಟ್ಟೆಯ ಟ್ರೇಗಳನ್ನು ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ನಯವಾಗಿ ನಿರಾಕರಿಸಿ. ತೆಳು ಕಾಗದದ ಆ ಟ್ರೇ ನಮಗೆ ಬೇಕಾದ ಸ್ವರಗಳಲ್ಲಿ ಹೆಚ್ಚೇನನ್ನೂ ಹೀರುವುದಿಲ್ಲ.

ಅಲೆಲೆಕ್ಕ, ಧಾರವಾಡ

ಹಳೇಟೇಪು ಅವರ ಮಾತಿನಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಒಪ್ಪುತ್ತೇನೆ. ಸಿಗುವ ಒಂದೇ ಫಿಗರ್-8 ಮೈಕನ್ನು ಹಾಡಿಗೆ ಇಡಬೇಕೆಂಬುದನ್ನು ಮಾತ್ರ ಒಪ್ಪಲಾರೆ. ಕಾರಣವನ್ನು ಪ್ರಶ್ನೆಯಲ್ಲಿಯೇ ಹುಡುಕಬಹುದು. ತಂತಿಮನೆಯವರ ದೊಡ್ಡ ದೂರು ಗಿಟಾರ್ ಕೇಳಿಸುತ್ತಿದೆ ಎಂಬುದಲ್ಲ, ತಮ್ಮ ದನಿ ಟೊಳ್ಳಾಗುತ್ತಿದೆ ಎಂಬುದು.

ಟೊಳ್ಳು ಹುಟ್ಟುವುದು ಹೀಗೆ. ದನಿ 18 ಸೆಂ.ಮೀ. ಸಾಗಿ ಹಾಡಿನ ಮೈಕನ್ನು ಮುಟ್ಟುತ್ತದೆ, ಗಿಟಾರಿನ ಮೈಕನ್ನು ಮುಟ್ಟಲು ಅದೇ ದನಿ ಸುಮಾರು 64 ಸೆಂ.ಮೀ. ಸಾಗಬೇಕು. 46 ಸೆಂ.ಮೀ.ಯ ಈ ವ್ಯತ್ಯಾಸವನ್ನು ದಾಟಲು ಶಬ್ದಕ್ಕೆ, ಸೆಕೆಂಡಿಗೆ 343 ಮೀಟರ್ ವೇಗದಲ್ಲಿ, 1.34 ಮಿಲಿಸೆಕೆಂಡ್ ಬೇಕು. ಒಂದೇ ದನಿ ಇಷ್ಟು ತಡವಾಗಿ ತನ್ನ ಮೇಲೆಯೇ ಬಂದು ಬಿದ್ದಾಗ ಸುಮಾರು 370 ಹರ್ಟ್ಸ್‌ನಲ್ಲಿ, ಆಮೇಲೆ 1120ರಲ್ಲಿ, 1860ರಲ್ಲಿ, ಹೀಗೆ ಬಾಚಣಿಗೆಯ ಹಲ್ಲುಗಳಂತೆ ಸಮ ಅಂತರದಲ್ಲಿ ಕಚ್ಚುಗಳು ಬೀಳುತ್ತವೆ. ಮೂರೂ ಮನುಷ್ಯನ ದನಿಯ ತಿರುಳಿರುವ ಜಾಗಗಳೇ. ತಗ್ಗು, ಎತ್ತರದ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರಿನಿಂದ ಇದನ್ನು ತುಂಬಲು ಹೊರಟವರು ಇಡೀ ಸಂಜೆ ಕಳೆದು ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತಾರೆ.

ಕಚ್ಚು ಎಷ್ಟು ಆಳ ಎಂಬುದು ಸೋರಿಕೆಯ ಮಟ್ಟವನ್ನು ಅವಲಂಬಿಸಿದೆ. ಸೋರಿದ ದನಿ ಮೂಲ ದನಿಗಿಂತ 4 ಡೆಸಿಬೆಲ್ ಮಾತ್ರ ಕಡಿಮೆ ಇದ್ದರೆ ಉಬ್ಬುಗಳು 4 ಡೆಸಿಬೆಲ್ ಏರಿ ಕಚ್ಚುಗಳು 8ಕ್ಕೂ ಹೆಚ್ಚು ಇಳಿಯುತ್ತವೆ. 10 ಡೆಸಿಬೆಲ್ ಕಡಿಮೆ ಇದ್ದರೆ ಏರಿಕೆ 2.4, ಇಳಿಕೆ 3.3. 20 ಡೆಸಿಬೆಲ್ ಕಡಿಮೆ ಇದ್ದರೆ ಎರಡೂ ಒಂದು ಡೆಸಿಬೆಲ್ಲಿಗಿಂತ ಕಡಿಮೆಯಾಗಿ, ಕಿವಿಗೆ ಗೊತ್ತಾಗುವುದೇ ಇಲ್ಲ. ಎರಡು ಮೈಕುಗಳ ನಡುವಿನ ಅಂತರ, ಪ್ರತಿ ಮೈಕಿಗೂ ಅದರ ಮೂಲಕ್ಕೂ ಇರುವ ಅಂತರದ ಮೂರು ಪಟ್ಟು ಇರಬೇಕೆಂಬ ಹಳೆಯ ನಿಯಮದಿಂದ ಸಿಗುವುದೂ ಸುಮಾರು ಒಂಬತ್ತೂವರೆ ಡೆಸಿಬೆಲ್ಲೇ. ಆದರೆ ಬಾಯಿ ಮತ್ತು ಗಿಟಾರ್ ಒಂದೇ ಮೈಯಲ್ಲಿರುವಾಗ ಆ ನಿಯಮವನ್ನು ಪಾಲಿಸಲು ಜಾಗವೇ ಇರುವುದಿಲ್ಲ.

ಈಗ ಯೋಚಿಸಿ. ಗಿಟಾರಿಗೂ ಇದೇ ಗತಿ ಆಗುತ್ತದೆ, ಆದರೆ ಗಿಟಾರಿನ ನಾದ ಸ್ವಲ್ಪ ಬದಲಾದರೆ ಕೇಳುಗರು ಅದನ್ನು ಇನ್ನೊಂದು ಗಿಟಾರ್ ಎಂದುಕೊಳ್ಳುತ್ತಾರೆ. ದನಿ ಬದಲಾದರೆ ತಕ್ಷಣ ಹಿಡಿಯುತ್ತಾರೆ. ಹಾಗಾಗಿ ಮೊದಲು ಮುಚ್ಚಬೇಕಾದ ತೂತು ಗಿಟಾರಿನ ಮೈಕಿನೊಳಗಿನ ಹಾಡು. ಫಿಗರ್-8 ಅನ್ನು ಗಿಟಾರಿಗೆ ಇಡಿ. ಎದೆಯ ಮಟ್ಟದಲ್ಲಿ, ಮುಂದಕ್ಕೆ 40 ಸೆಂ.ಮೀ. ದೂರದಲ್ಲಿ ಇಟ್ಟು, ಕೆಳಕ್ಕೆ ಬಾಗಿಸಿ, ಅದರ ಪಕ್ಕ ನಿಮ್ಮ ಬಾಯಿಯನ್ನು ನೇರವಾಗಿ ನೋಡುವಂತೆ ಹೊಂದಿಸಿ. ಅದು ಫ್ರೆಟ್ಟಿನ ಬದಲು ಗಿಟಾರಿನ ಹೊಟ್ಟೆಯ ಕೆಳಭಾಗವನ್ನು ನೋಡುತ್ತಿದೆ ಎಂದು ನಿಮಗೆ ಅನ್ನಿಸಬಹುದು. ಕಿವಿಗೆ ಒಪ್ಪಿದರೆ ಸಾಕು. ಹಾಡಿಗೆ, ಹಳೇಟೇಪು ಅವರು ಹೇಳಿದಂತೆ, ಕೆಳಗಿನಿಂದ ನೋಡುವ ನಿಮ್ಮ ಕಾರ್ಡಿಯಾಯ್ಡ್ ಇರಲಿ.

ಟ್ರ್ಯಾಕುಗಳನ್ನು ಕಂಪ್ಯೂಟರಿನಲ್ಲಿ ಸರಿಸಿ ಕಾಲ ಹೊಂದಿಸಿಬಿಡಿ ಎಂಬ ಸಲಹೆಯೂ ನಿಮಗೆ ಬರಬಹುದು, ಎಚ್ಚರಿಕೆ. ಗಿಟಾರ್ ಮೊದಲು ಮುಟ್ಟುವುದು ಗಿಟಾರ್ ಮೈಕನ್ನು, ಹಾಡು ಮೊದಲು ಮುಟ್ಟುವುದು ಹಾಡಿನ ಮೈಕನ್ನು. ಗಿಟಾರ್ ಹೊಂದಲಿ ಎಂದು ಗಿಟಾರಿನ ಟ್ರ್ಯಾಕನ್ನು ಹಿಂದಕ್ಕೆ ತಳ್ಳಿದರೆ, ಅದರೊಳಗೆ ಮೊದಲೇ ತಡವಾಗಿ ಬಂದಿದ್ದ ಹಾಡು ಇನ್ನಷ್ಟು ತಡವಾಗುತ್ತದೆ. ಎರಡು ಸೋರಿಕೆಗಳಲ್ಲಿ ಒಂದು ಆಗಲೇ ಸತ್ತಿದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ.

ಮುಂದೆ ಎಂದಾದರೂ ಎರಡು ಫಿಗರ್-8 ಮೈಕುಗಳು ಕೈಗೆ ಸಿಕ್ಕರೆ ಇನ್ನೊಂದು ಸೊಗಸಾದ ದಾರಿ ಇದೆ. ಬಾಯಿಗಿಂತ 22 ಸೆಂ.ಮೀ. ಕೆಳಗೆ, 35 ಸೆಂ.ಮೀ. ಮುಂದೆ ಇರುವ ಬಿಂದುವಿನಿಂದ ನೋಡಿದರೆ ಬಾಯಿಗೂ ಗಿಟಾರಿಗೂ ನಡುವೆ ಸರಿಸುಮಾರು ಲಂಬಕೋನ ಬೀಳುತ್ತದೆ. ಆ ಒಂದೇ ಬಿಂದುವಿನಲ್ಲಿ ಎರಡೂ ಮೈಕುಗಳನ್ನು ಒತ್ತಟ್ಟಿಗೆ ಇಟ್ಟು, ಒಂದರ ಮುಖವನ್ನು ಬಾಯಿಗೂ ಇನ್ನೊಂದರದನ್ನು ಗಿಟಾರಿಗೂ ತಿರುಗಿಸಿದರೆ, ಪ್ರತಿಯೊಂದೂ ಇನ್ನೊಂದರ ಶಬ್ದಕ್ಕೆ ಕಿವುಡಾಗುತ್ತದೆ. ಉಳಿದು ಸೋರಿದ್ದೂ ಎರಡೂ ಮೈಕುಗಳನ್ನು ಒಂದೇ ಕ್ಷಣದಲ್ಲಿ ಮುಟ್ಟುವುದರಿಂದ ಬಾಚಣಿಗೆಯ ಕಚ್ಚಿಗೆ ಅವಕಾಶವೇ ಇರುವುದಿಲ್ಲ. ಲಂಬಕೋನದಲ್ಲಿ ಅಡ್ಡಹಾಯ್ದ ಎರಡು ಎಂಟುಗಳ ಈ ಜೋಡಿ ಹೊಸತೇನಲ್ಲ. ಬ್ರಿಟಿಷ್ ಎಂಜಿನಿಯರ್ ಆಲನ್ ಬ್ಲಮ್ಲೈನ್ 1931ರಲ್ಲಿ ಸಲ್ಲಿಸಿದ ಸ್ಟೀರಿಯೊ ಪೇಟೆಂಟ್ ಅರ್ಜಿಯಲ್ಲಿಯೇ ಇದೆ. ಅವನು ಅದನ್ನು ಎಡ ಬಲಕ್ಕೆ ಯೋಚಿಸಿದ್ದ, ನಾವು ಮೇಲೆ ಕೆಳಗೆ ತಿರುಗಿಸಿಕೊಳ್ಳುತ್ತಿದ್ದೇವೆ. ಬಾಯಿಂದ ಮೈಕು 40 ಸೆಂ.ಮೀ. ದೂರವಾಗುವುದರಿಂದ ಕೋಣೆ ಮಾತ್ರ ಚೆನ್ನಾಗಿರಬೇಕು.

ಆರುತಂತಿ, ಮಂಗಳೂರು

ಮೇಲಿನ ಇಬ್ಬರೂ ಹಿರಿಯರು ಮೈಕುಗಳ ಬಗ್ಗೆ ಹೇಳಿದ್ದಾರೆ. ನಾನು ವೇದಿಕೆಯಲ್ಲಿ ನುಡಿಸುವವನಾದ್ದರಿಂದ ಪಿಕಪ್ಪಿನ (ತಂತಿಯ ಕಂಪನವನ್ನು ಗಿಟಾರಿನಿಂದಲೇ ನೇರವಾಗಿ ಹಿಡಿಯುವ ಸಾಧನದ) ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಗಿಟಾರಿನ ಬ್ರಿಡ್ಜಿನ ಕೆಳಗೆ ಪೀಜೊ ಪಿಕಪ್ ಇದ್ದರೆ, ಅಥವಾ ಸೌಂಡ್‌ಹೋಲಿಗೆ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್ ಸಿಕ್ಕರೆ, ಗಿಟಾರಿನ ಮೈಕನ್ನೇ ಬಿಟ್ಟುಬಿಡಬಹುದು. ಅದರಲ್ಲಿ ಹಾಡು ಕೇಳಿಸುವುದೇ ಇಲ್ಲ ಎನ್ನಬಹುದು. ಪೀಜೊ ಒಂದನ್ನೇ ಕೇಳಿದರೆ ತಂತಿ ಕಟಕಟನೆ ಪ್ಲಾಸ್ಟಿಕ್ಕಿನಂತೆ ಕೇಳುತ್ತದೆ ಎಂಬ ದೂರು ನಿಜ, ಮರದ ಉಸಿರು ಅದರಲ್ಲಿ ಬರುವುದಿಲ್ಲ. ಆದರೆ ಆ ಉಸಿರು ನಿಮ್ಮ ಹಾಡಿನ ಮೈಕಿನಲ್ಲಿ ಆಗಲೇ ಇದೆಯಲ್ಲ! ನೀವು ಓಡಿಸಬೇಕೆಂದಿರುವ ಸೋರಿಕೆಯನ್ನೇ ಕೆಲಸಕ್ಕೆ ಹಚ್ಚಿ. ಹಾಡಿನ ಮೈಕು ಒಂದು ಇನ್‌ಪುಟ್ಟಿಗೆ, ಪಿಕಪ್ ಇನ್ನೊಂದಕ್ಕೆ. ಮೈಕನ್ನು ಸ್ವಲ್ಪ ದೂರವಿಟ್ಟು ಗಿಟಾರಿನ ಮರದ ನಾದವನ್ನು ಅದರಿಂದಲೇ ಪಡೆದು, ತಳದ ತೂಕಕ್ಕಾಗಿ ಮಾತ್ರ ಪಿಕಪ್ಪನ್ನು ಕೆಳಗಿನಿಂದ ಬೆರೆಸಿ.

ಒಂದು ಲೆಕ್ಕ ನೆನಪಿರಲಿ: ಪಿಕಪ್ಪಿನಲ್ಲಿ ಗಿಟಾರ್ ಮೊದಲು ಬರುತ್ತದೆ, ಗಾಳಿಯಲ್ಲಿ ಸಾಗಿ ಮೈಕನ್ನು ಮುಟ್ಟುವುದು ತಡ. ಮೈಕು ಗಿಟಾರಿನಿಂದ 50 ಸೆಂ.ಮೀ. ದೂರವಿದ್ದರೆ ಸುಮಾರು 1.46 ಮಿಲಿಸೆಕೆಂಡ್, ಅಂದರೆ 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದಾಗ 70 ಸ್ಯಾಂಪಲ್ (ಡಿಜಿಟಲ್ ಮುದ್ರಣದ ಬಿಡಿ ಅಳತೆಗಳು). ಪಿಕಪ್ಪಿನ ಟ್ರ್ಯಾಕನ್ನು ಅಷ್ಟು ತಡವಾಗಿ ಬರುವಂತೆ ಸರಿಸಬೇಕು. ಅಲೆಲೆಕ್ಕ ಅವರು ಎಚ್ಚರಿಸಿದ ತೊಡಕು ಇಲ್ಲಿಲ್ಲ, ಏಕೆಂದರೆ ಪಿಕಪ್ಪಿನಲ್ಲಿ ತಡವಾಗಬಲ್ಲ ಹಾಡೇ ಇರುವುದಿಲ್ಲ. ಸರಿಸಿದ ಮೇಲೆ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ನನ್ನು ಒಮ್ಮೆ ಒತ್ತಿ, ಎರಡರಲ್ಲಿ ತಳ ತುಂಬಿ ಬರುವುದನ್ನು ಇಟ್ಟುಕೊಳ್ಳಿ.

ಗೇಟ್ ಏಕೆ ಸೋತಿತು ಎಂಬುದು ಕೇಳಿದರೇ ಗೊತ್ತಾಗುತ್ತದೆ. ಗೇಟ್ ಮುಚ್ಚಿದಾಗ ಗಿಟಾರಿನ ಅರ್ಧ ನಾದ ಮಾಯವಾಗಿ, ನೀವು ಬಾಯಿ ತೆರೆದ ಕೂಡಲೇ ಮರಳಿ ಬರುತ್ತದೆ. ಬಾಗಿಲು ಬಡಿದ ಹಾಗೆ. ಕಂಪ್ರೆಸರಿನಲ್ಲೂ ಇದೇ ಕಥೆ: ಹಾಡನ್ನು 8 ಡೆಸಿಬೆಲ್ ಅದುಮಿ ಅಷ್ಟೇ ಮೇಲೆತ್ತಿದರೆ, ಹಾಡಿಲ್ಲದ ಕಡೆ ಗಿಟಾರ್ 8 ಡೆಸಿಬೆಲ್ ಏರುತ್ತದೆ. ನಾನು ಸಾಲು ಸಾಲಿಗೆ ಫೇಡರನ್ನೇ (ಟ್ರ್ಯಾಕಿನ ಸದ್ದಿನ ಮಟ್ಟದ ಜಾರುಗುಂಡಿ) ಏರಿಸಿ ಇಳಿಸಿ, ಕಂಪ್ಯೂಟರ್ ಅದನ್ನು ನೆನಪಿಡುವಂತೆ ಆಟೊಮೇಶನ್ ಬರೆದುಕೊಂಡು, ಕಂಪ್ರೆಸರನ್ನು 2, 3 ಡೆಸಿಬೆಲ್ಲಿಗಿಂತ ಹೆಚ್ಚು ದುಡಿಸುವುದಿಲ್ಲ. ರಿವರ್ಬನ್ನು ಹಾಡಿಗೆ ಮಾತ್ರ ಕೊಡುವ ಯೋಚನೆ ಬಿಡಿ, ಎರಡಕ್ಕೂ ಒಂದೇ ಚಿಕ್ಕ ಕೋಣೆಯ ರಿವರ್ಬ್ ಕೊಡಿ. ಒಬ್ಬನೇ ಕುಳಿತು ಹಾಡಿ ನುಡಿಸುತ್ತಿರುವಾಗ ಬಾಯಿ ದೇವಸ್ಥಾನದ ಪ್ರಾಂಗಣದಲ್ಲೂ ಬೆರಳು ಅಟ್ಟದ ಕೋಣೆಯಲ್ಲೂ ಇರುವುದು ಅಷ್ಟಕ್ಕಷ್ಟೇ.

ಸೋರಿಕೆ ತೆಗೆಯುವ ಸಾಫ್ಟ್‌ವೇರುಗಳಿವೆ. ಐಜೊಟೋಪ್ ಕಂಪನಿ 2017ರಲ್ಲಿ ಆರ್‌ಎಕ್ಸ್ 6ರೊಂದಿಗೆ ಡಿ-ಬ್ಲೀಡ್ ಎಂಬ ಸಾಧನವನ್ನು ತಂದಿತು. ಸಂಗೀತ ಸ್ಟ್ರೀಮಿಂಗ್ ಕಂಪನಿ ಡೀಜರ್ 2019ರಲ್ಲಿ ಬಿಟ್ಟ ಸ್ಪ್ಲೀಟರ್‌ನಂಥವು ಕಲಸಿಹೋದ ಹಾಡಿನಿಂದಲೇ ದನಿಯನ್ನು ಬಿಡಿಸಿ ಕೊಡುತ್ತವೆ. ಇವುಗಳಿಂದ ಬಿಡಿಸಿದ ದನಿಯನ್ನು ಒಂದೇ ಕೇಳಿದರೆ ಸ, ಶ ಅಕ್ಷರಗಳ ಬಾಲದಲ್ಲಿ ನೀರೊಳಗಿನ ಗುಳುಗುಳು ಕೇಳುತ್ತದೆ, ಗಿಟಾರಿನ ಜೊತೆ ಮರಳಿ ಬೆರೆಸಿದಾಗ ಅದು ಬಹುಪಾಲು ಮುಚ್ಚಿಹೋಗುತ್ತದೆ. ಒಂದೆರಡು ಸಾಲು ಉಳಿಸಿಕೊಳ್ಳಲು ಸರಿ. ಇಡೀ ಹಾಡಿಗೆ ಬಳಸುವುದಕ್ಕಿಂತ ಇನ್ನೊಮ್ಮೆ ಹಾಡುವುದೇ ಬೇಗ ಮುಗಿಯುತ್ತದೆ.

ತಂತಿಮನೆ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನೆಲ್ಲ ಮಾಡಿ ನೋಡದೆ ಉತ್ತರಿಸಬಾರದು ಎಂದುಕೊಂಡೆ. ನನ್ನ ಗಿಟಾರಿನಲ್ಲಿ ಪಿಕಪ್ ಇಲ್ಲ, ಆದ್ದರಿಂದ ಆರುತಂತಿಯವರ ದಾರಿಯನ್ನು ಸದ್ಯಕ್ಕೆ ಬದಿಗಿಟ್ಟೆ.

ಮೊದಲು, ಇದ್ದ ಎರಡು ಕಾರ್ಡಿಯಾಯ್ಡ್‌ಗಳನ್ನೇ ತಿರುಗಿಸಿದೆ. ಹಾಡಿನ ಮೈಕು ಕೆಳಗಿನಿಂದ ನೋಡತೊಡಗಿದಾಗ ಗಿಟಾರ್ ಎಷ್ಟು ಇಳಿಯಿತೆಂದರೆ ಕೇಬಲ್ ಕಳಚಿತೇನೋ ಎಂದು ನೋಡಿಕೊಂಡೆ. ಬಿಡಿಗಾಸಿಲ್ಲದೆ ಆದ ಈ ಬದಲಾವಣೆಯೇ ಅರ್ಧ ಕೆಲಸ ಮುಗಿಸಿತು. ಕೌದಿ ನಮ್ಮ ಅಜ್ಜಿಯದು, ಅದನ್ನು ತೂಗುಹಾಕಲು ಮನೆಯವರ ಒಪ್ಪಿಗೆ ಪಡೆಯುವುದು ಮೈಕು ಹೊಂದಿಸುವುದಕ್ಕಿಂತ ಕಷ್ಟವಾಯಿತು.

ಆಮೇಲೆ ಬೆಂಗಳೂರಿನಿಂದ ಮಾದರಿ ಬದಲಿಸುವ ಸ್ವಿಚ್ ಇರುವ ಕಂಡೆನ್ಸರ್ ಮೈಕೊಂದನ್ನು ಎರಡು ದಿನಕ್ಕೆ ಬಾಡಿಗೆಗೆ ತಂದು, ಒಂದೇ ಪದವನ್ನು ಎರಡು ರೀತಿಯಲ್ಲಿ ಮುದ್ರಿಸಿದೆ. ಮೊದಲ ದಿನ ಫಿಗರ್-8 ಅನ್ನು ಹಾಡಿಗೆ ಇಟ್ಟೆ. ಹಾಡಿನ ಟ್ರ್ಯಾಕಿನಲ್ಲಿ ಗಿಟಾರ್ ದೂರದ ನೆರಳಿನಷ್ಟೇ ಉಳಿಯಿತು, ಆದರೆ ಎರಡೂ ಟ್ರ್ಯಾಕುಗಳನ್ನು ಕೂಡಿಸಿದಾಗ ದನಿಯ ಟೊಳ್ಳು ಸ್ವಲ್ಪ ಕಡಿಮೆಯಾಗಿ ಅಲ್ಲಿಯೇ ಇತ್ತು. ಎರಡನೆಯ ದಿನ ಅದನ್ನು ಗಿಟಾರಿಗೆ ಇಟ್ಟು, ನಾನು ಬರೀ ‘ಆ’ ಎಂದು ಹಾಡುತ್ತ ತಮ್ಮನಿಂದ ಮೈಕು ತಿರುಗಿಸಿಕೊಂಡೆ. ಗಿಟಾರ್ ಟ್ರ್ಯಾಕಿನೊಳಗೆ ನನ್ನ ದನಿ ಕುಗ್ಗಿ ಹೋದ ಜಾಗ ಸಿಕ್ಕಿತು. ಆ ದಿನದ ಮುದ್ರಣದಲ್ಲಿ ಗಿಟಾರಿನ ಫೇಡರನ್ನು ಏರಿಸಿದರೂ ಇಳಿಸಿದರೂ ದನಿಯ ಬಣ್ಣ ಬದಲಾಗುವುದಿಲ್ಲ. ನನ್ನ ಕೋಣೆಯಲ್ಲಿ, ನನ್ನ ಹಾಡಿನಲ್ಲಿ, ಅಲೆಲೆಕ್ಕ ಅವರ ಮಾತೇ ನಿಜವಾಯಿತು. ಹಳೇಟೇಪು ಸರ್ ಬೇಸರಿಸಬಾರದು.

ಒಂದು ಪ್ರಶ್ನೆ ಉಳಿದಿದೆ. ಹಾಡಿನ ಟ್ರ್ಯಾಕಿನಲ್ಲಿ ಗಿಟಾರಿನ ಮೇಲಿನ ಸ್ವರಗಳೆಲ್ಲ ಹೋಗಿವೆ, ಆದರೆ ದಪ್ಪ ತಂತಿ ನುಡಿದಾಗ ತಳದಲ್ಲಿ ಗುಂ ಎನ್ನುವ ಉಳಿಕೆ ಇದೆ. ತಗ್ಗು ಸ್ವರಗಳನ್ನು ಕತ್ತರಿಸುವ ಹೈಪಾಸ್ ಫಿಲ್ಟರನ್ನು 150 ಹರ್ಟ್ಸ್‌ಗೆ ಇಟ್ಟರೆ ಅದು ಹೋಗುತ್ತದೆ, ಜೊತೆಗೆ ದನಿಯೂ ಬಡವಾಗುತ್ತದೆ. ಎಲ್ಲಿ ನಿಲ್ಲಿಸಲಿ?

ಹಳೇಟೇಪು, ಬೆಂಗಳೂರು

ಬೇಸರವೇನೂ ಇಲ್ಲ. ನೀವು ಎರಡನ್ನೂ ಮುದ್ರಿಸಿ ಕೇಳಿದಿರಿ, ನಾನು ನನ್ನ ಅಭ್ಯಾಸವನ್ನು ಹೇಳಿದ್ದೆ. ಜೋರಾಗಿ ಪಿಕ್ ಹಿಡಿದು ಬಾರಿಸುವವರ ವಿಷಯದಲ್ಲಿ ನನ್ನ ಮಾತು ಗೆಲ್ಲಬಹುದು. ಬೆರಳಿನಲ್ಲಿ ಸಣ್ಣಗೆ ನುಡಿಸುವವರ ಗಿಟಾರ್ ಮೈಕಿನ ಗೇನ್ ಹೆಚ್ಚಿರುವುದರಿಂದ ನಿಮ್ಮ ವಿಷಯದಲ್ಲಿ ಹಾಗಾಗಿದೆ.

ಹೈಪಾಸ್ ಎಲ್ಲಿ ನಿಲ್ಲಬೇಕೆಂಬುದನ್ನು ನಿಮ್ಮ ಶ್ರುತಿ ಹೇಳುತ್ತದೆ. ಹಾರ್ಮೋನಿಯಮ್ಮಿನ ಕಪ್ಪು ಒಂದು, ಅಂದರೆ ಸಿ ಶಾರ್ಪ್, ನಿಮ್ಮ ಷಡ್ಜವಾಗಿದ್ದರೆ ಅದು ಸುಮಾರು 139 ಹರ್ಟ್ಸ್. ನೀವು ಮಂದ್ರ ಪಂಚಮದವರೆಗೆ ಇಳಿದರೆ ಅದು 104 ಹರ್ಟ್ಸ್. 150ಕ್ಕೆ ಕತ್ತರಿಸಿದಾಗ ನಿಮ್ಮ ಆಧಾರ ಷಡ್ಜದ ತಳವೇ ಹೋಯಿತು, ದನಿ ಬಡವಾಗದೆ ಇನ್ನೇನಾದೀತು? ಫಿಲ್ಟರನ್ನು 90ಕ್ಕೆ ಇಳಿಸಿ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್‌ನಲ್ಲಿದೆ, ಅದರ ತಳ ಅಷ್ಟರಿಂದ ತಗ್ಗುತ್ತದೆ. ಆದರೆ ನೀವು ಹೇಳುವ ಗುಂ ಬರುತ್ತಿರುವುದು ತಂತಿಯಿಂದ ಮಾತ್ರವಲ್ಲ. ಗಿಟಾರಿನ ಹೊಟ್ಟೆಯೊಳಗಿನ ಗಾಳಿ ಸೌಂಡ್‌ಹೋಲಿನ ಮೂಲಕ 100 ಹರ್ಟ್ಸ್‌ನ ಸುತ್ತಮುತ್ತ ಉಸಿರಾಡುತ್ತದೆ, ನಿಮ್ಮ ಮಂದ್ರ ಪಂಚಮವೂ ಅಲ್ಲಿಯೇ ಕುಳಿತಿದೆ. ಅದನ್ನು ಫಿಲ್ಟರಿನಿಂದ ಬೇರ್ಪಡಿಸಲಾಗುವುದಿಲ್ಲ.

ಅದಕ್ಕೆ ಬದಲಾಗಿ ಗಿಟಾರನ್ನು ತೊಡೆಯ ಮೇಲೆ ನಾಲ್ಕು ಬೆರಳಷ್ಟು ಬಲಕ್ಕೆ ಸರಿಸಿ ಕುಳಿತು ನೋಡಿ, ಸೌಂಡ್‌ಹೋಲು ಮೈಕಿನ ನೇರ ಕೆಳಗಿನಿಂದ ತಪ್ಪುತ್ತದೆ. ಅಲ್ಲದೆ 10ಕ್ಕೆ 12 ಅಡಿಯ ಕೋಣೆಯಲ್ಲಿ ತಗ್ಗು ಸ್ವರಗಳು ಮೂಲೆಗಳಲ್ಲಿ ಒಟ್ಟಾಗುತ್ತವೆ, ನಟ್ಟನಡುವೆಯೂ ಕೆಲವು ಸ್ವರ ಏರಿ ಕೆಲವು ಅಡಗುತ್ತವೆ. ಉದ್ದದ ಗೋಡೆಯ ಮೂರನೆಯ ಒಂದು ಭಾಗದಷ್ಟು ಒಳಗೆ, ಅಂದರೆ ಗೋಡೆಯಿಂದ ಸುಮಾರು 4 ಅಡಿಗೆ ಕುರ್ಚಿ ಹಾಕಿ ದಪ್ಪ ತಂತಿಯನ್ನು ಒಂದು ಸಲ ಮೀಟಿ ಕೇಳಿ. ಅಲ್ಲಿಂದ ಅರ್ಧ ಅಡಿ ಹಿಂದೆ, ಅರ್ಧ ಅಡಿ ಮುಂದೆ. ಗುಂ ಕಡಿಮೆಯಾದ ಕಡೆ ನೆಲದ ಮೇಲೆ ಕುರ್ಚಿಯ ನಾಲ್ಕು ಕಾಲಿಗೂ ಸೀಮೆಸುಣ್ಣದ ಗುರುತು ಹಾಕಿಟ್ಟುಕೊಳ್ಳಿ. ಮೈಕುಗಳ ಸ್ಟ್ಯಾಂಡಿಗೂ ಹಾಕಿ, ಮುಂದಿನ ಭಾನುವಾರ ಮತ್ತೆ ಹುಡುಕಬೇಕಾಗುವುದಿಲ್ಲ.